ಆರಿಸದೆ ಬಿಟ್ಟ ಐದು ನಿಮಿಷ

ಅರಸೀಕೆರೆಯ ನಮ್ಮ ಕೊಬ್ಬರಿ ಹರಾಜಿನ ಕಟ್ಟೆಯಲ್ಲಿ ಕಂಪ್ಯೂಟರ್ ನಿಂತರೆ ಅದನ್ನು ನನ್ನಷ್ಟು ಬೇಗ ಎಬ್ಬಿಸುವವರು ಯಾರೂ ಇರಲಿಲ್ಲ. ಪರದೆ ಅಲ್ಲಾಡದೆ ನಿಂತ ಕೂಡಲೇ ಮೇಜಿನಡಿ ಕೈ ಹಾಕಿ ಸ್ವಿಚ್ ಆರಿಸಿ, ಹತ್ತು ಎಣಿಸಿ, ಮತ್ತೆ ಹಾಕುತ್ತಿದ್ದೆ. "ಅಮ್ಮೋರ ಕೈಗುಣ" ಎಂದು ವರ್ತಕರು ಹೊಗಳುತ್ತಿದ್ದರು. ಆ ಹೊಗಳಿಕೆಗೆ ಉಬ್ಬಿಹೋಗಿದ್ದೆ, ಸುಳ್ಳೇಕೆ ಹೇಳಲಿ.

ಮೊದಲೆಲ್ಲ ಹರಾಜು ಟವೆಲಿನಡಿ ನಡೆಯುತ್ತಿತ್ತು. ಕಟ್ಟೆಯ ಕಡೆಯವನೊಬ್ಬ ಕೈ ಚಾಚುತ್ತಿದ್ದ; ಕೊಳ್ಳುವವರು ಒಬ್ಬೊಬ್ಬರಾಗಿ ಬಂದು, ಮೇಲೆ ಟವೆಲ್ ಮುಚ್ಚಿ, ಅವನ ಬೆರಳು ಹಿಡಿದು ಬೆಲೆ ತಿಳಿಸುತ್ತಿದ್ದರು. ಆ ಟವೆಲಿನಡಿ ಹೆಂಗಸಿನ ಕೈಗೆ ಜಾಗವಿರಲಿಲ್ಲ. ಹತ್ತು ವರ್ಷ ಒಳಕೋಣೆಯಲ್ಲಿ ಚೀಟಿ ಬರೆದುಕೊಂಡಿದ್ದೆ. ಫೋನಿನಲ್ಲೇ ಬೆಲೆ ಒತ್ತಿ ಕಟ್ಟೆಯ ಕಂಪ್ಯೂಟರಿಗೆ ಕಳಿಸುವ ಪದ್ಧತಿ ಬಂದ ಮೇಲೆ ನನ್ನ ಕುರ್ಚಿ ಕಟ್ಟೆಯ ನಡುವಿಗೆ ಬಂತು, ಹರಾಜು ನಡೆಸುವ ಕೆಲಸವೂ ನನ್ನದಾಯಿತು.

ಆದರೆ ಆ ಕಂಪ್ಯೂಟರ್ ಹೆಚ್ಚುಕಡಿಮೆ ಪ್ರತಿ ಹರಾಜಿಗೂ ನಿಲ್ಲತೊಡಗಿತು. ಕಡೆಗೊಂದು ದಿನ ಕಟ್ಟೆಯ ಅಧ್ಯಕ್ಷರು ಬಂದು, "ನೋಡಮ್ಮ, ಬರೋ ವಾರನೂ ಇದು ನಿಂತ್ರೆ ಟವೆಲೇ ವಾಸಿ. ನೀವು ಮೊದಲಿನಂಗೆ ಒಳಗೆ ಕೂತ್ಕಳಿ" ಎಂದರು.

ಆಗ ಯಾರೋ ಮಾದಿಹಳ್ಳಿಯವರೊಬ್ಬರ ವಿಷಯ ಹೇಳಿದರು. ಎರಡು ಹಸು ಕಟ್ಟಿಕೊಂಡು, ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬಂದು, ಮನೆಯಲ್ಲೇ ಕೂತು ಕರ್ನಲ್ ರಿಪೇರಿ ಮಾಡುತ್ತಾರಂತೆ. ಕರ್ನಲ್ ಎಂದರೆ ಕಂಪ್ಯೂಟರಿನೊಳಗಿನ ಯಜಮಾನ. ಒಳಗಿನ ಯಾವ ಕೆಲಸಕ್ಕೆ ಯಾವಾಗ ಸರದಿ ಎಂದು ಹೇಳುವ ತಂತ್ರಾಂಶ. ಹೇಳಿಕಳಿಸಿದೆ. ಜಾವಗಲ್ ಮಾರ್ಗದ ಬಸ್ಸಿನಲ್ಲಿ ಬಂದಿಳಿದ ಮನುಷ್ಯನ ಬಟ್ಟೆಚೀಲದಲ್ಲಿ ಒಂದು ಲ್ಯಾಪ್‌ಟಾಪ್, ಒಂದು ಕೇಬಲ್, ರೊಟ್ಟಿಯ ಡಬ್ಬಿ ಇದ್ದವು. ಇವರೇನು ಕಡಿದು ಕಟ್ಟೆ ಹಾಕುತ್ತಾರೆ ಎಂದುಕೊಂಡೆ.

ಅಂದು ಹರಾಜಿರಲಿಲ್ಲ. ಲ್ಯಾಪ್‌ಟಾಪಿನಿಂದ ನಮ್ಮ ಕಂಪ್ಯೂಟರಿಗೆ ಸಂಜೆಯವರೆಗೂ ಒಂದೇ ಸಮನೆ ಸುಳ್ಳು ಬೆಲೆಗಳನ್ನು ಕಳಿಸಿದರು. ಅದು ಜಪ್ಪಯ್ಯ ಅನ್ನಲಿಲ್ಲ, ಒಮ್ಮೆಯೂ ನಿಲ್ಲಲಿಲ್ಲ. ನನಗೆ ರೇಗಿಹೋಯಿತು. "ಹರಾಜಿನ ದಿನ ಬತ್ತೀನಿ ಅಕ್ಕ, ಜನಾನ ನೋಡ್ಬೇಕು" ಎಂದರು. ಕೆಟ್ಟಿದ್ದು ಯಂತ್ರ, ಇವರು ಜನರನ್ನು ನೋಡುತ್ತಾರಂತೆ.

ಹೊರಡುವ ಮೊದಲು, ನಿಂತಾಗ ಏನು ಮಾಡ್ತೀರಿ ಎಂದು ಕೇಳಿದರು. ನನ್ನ ಕೈಗುಣವನ್ನು ಹೆಮ್ಮೆಯಿಂದ ಹೇಳಿದೆ. ಅವರು ಮೇಜಿನಡಿ ಬಗ್ಗಿ ಆ ಸ್ವಿಚ್ ನೋಡಿದರು.

"ಕಳ್ಳ ಹೋದ್ ತಕ್ಷಣ ಅಂಗಳ ಗುಡಿಸಿಬಿಟ್ರೆ ಹೆಜ್ಜೆ ಎಲ್ಲಿ ಹುಡುಕೋದು ಅಕ್ಕ? ಈ ಸಲ ನಿಂತ್ರೆ ಐದು ನಿಮಿಷ ಮುಟ್ಬೇಡಿ. ಎಲ್ಲಿ ಸಿಕ್ಕಾಕ್ಕೊಂಡೈತೆ ಅಂತ ಅದೇ ಹೇಳ್ತದೆ."

ಹರಾಜಿನ ದಿನ ನಮ್ಮ ಕಂಪ್ಯೂಟರಿನ ಬೆನ್ನಿಗೆ ಆ ಕೇಬಲ್ ಸಿಕ್ಕಿಸಿ, ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಕೊಬ್ಬರಿ ಚೀಲದ ಮೇಲೆ ಕೂತರು. ಮಧ್ಯಾಹ್ನ ಮೂರಕ್ಕೆ ಹರಾಜು ಮುಗಿಯಬೇಕು. ಮೂರಕ್ಕೆ ಐದು ನಿಮಿಷವಿದ್ದಾಗ ನನ್ನನ್ನು ಕರೆದು, "ಎಲ್ರೂ ಟವೆಲ್ ಹೊದಿಸವ್ರೆ ನೋಡಿ" ಎಂದು ಮೆಲ್ಲಗೆ ಹೇಳಿದರು. ನಿಜ. ಒಬ್ಬೊಬ್ಬ ವರ್ತಕರೂ ಫೋನನ್ನು ಮಡಿಲಲ್ಲಿಟ್ಟು ಮೇಲೆ ಟವೆಲ್ ಮುಚ್ಚಿ, ಒಳಗೆ ಹೆಬ್ಬೆರಳು ಇಟ್ಟುಕೊಂಡು ಕಾಯುತ್ತಿದ್ದರು. ಪಕ್ಕದವನಿಗೆ ತಿಳಿದೀತೆಂದು ಕೊನೇ ನಿಮಿಷದವರೆಗೆ ಯಾರೂ ಒತ್ತುವುದಿಲ್ಲ. ಪದ್ಧತಿ ಬದಲಾದರೂ ಟವೆಲ್ ಹೋಗಿರಲಿಲ್ಲ; ವರ್ಷಗಟ್ಟಲೆ ಅವರ ನಡುವೆ ಕೂತಿದ್ದ ನನ್ನ ಕಣ್ಣಿಗೆ ಅದು ಬಿದ್ದಿರಲಿಲ್ಲ.

"ನಾನು ಒಂದಾದ ಮೇಲೆ ಒಂದು ಕಳಿಸ್ದೆ. ಇವರು ಒಟ್ಟಿಗೆ ಸುರೀತಾರೆ. ಹೋಯ್ತೋ ಇಲ್ವೋ ಅಂತ ಎರಡೆರಡು ಸಲ ಬೇರೆ ಒತ್ತುತಾರೆ" ಎಂದರು.

ಮೂರಕ್ಕೆ ಅರ್ಧ ನಿಮಿಷವಿರುವಾಗ ಪರದೆ ನಿಂತಿತು. ಕೈ ತನ್ನಷ್ಟಕ್ಕೆ ತಾನೇ ಸ್ವಿಚ್ಚಿಗೆ ಹೋಯಿತು. ಕೂಗಾಟ ಶುರುವಾಯಿತು. ಅಧ್ಯಕ್ಷರು ಓಡಿಬಂದು, "ಆರಿಸಿ ಹಾಕ್ರಮ್ಮ, ಏನ್ ನೋಡ್ತಿದ್ದೀರಿ?" ಎಂದರು. ಆರಿಸಿದರೆ ಇಂದಿನ ಮಟ್ಟಿಗೆ ಬೈಗುಳ ತಪ್ಪುತ್ತದೆ. ಆರಿಸದಿದ್ದರೆ ಕುರ್ಚಿಯೇ ಹೋಗಬಹುದು. ಮಾದಿಹಳ್ಳಿಯವರು ನನ್ನತ್ತ ನೋಡಲಿಲ್ಲ, ಬೇಡಲೂ ಇಲ್ಲ. ಜನರನ್ನು ಅಷ್ಟು ಶ್ರದ್ಧೆಯಿಂದ ನೋಡಿದವರ ಮಾತು ಸುಳ್ಳಾಗಲಾರದು ಅನ್ನಿಸಿತು. ಸ್ವಿಚ್ಚಿನಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡೆ.

"ಆರಿಸಲ್ಲ. ಐದು ನಿಮಿಷ ತಡೀರಿ."

"ನಿಮ್ಮ ಕಾಲ ಮೇಲೆ ನೀವೇ ಕಲ್ಲು ಹಾಕ್ಕಂತಿದ್ದೀರಿ" ಎಂದರು ಅಧ್ಯಕ್ಷರು.

ಲ್ಯಾಪ್‌ಟಾಪಿನಲ್ಲಿ ನಿಂತ ಕಂಪ್ಯೂಟರ್ ಕೇಬಲಿನಲ್ಲಿ ಕಳಿಸುತ್ತಿದ್ದ ಸಾಲುಗಳು ಬಂದವು, ಮತ್ತೆ ಅವೇ ಸಾಲುಗಳು ಬಂದವು. ಅಷ್ಟು ಗಲಾಟೆಯ ನಡುವೆ ಆ ಮನುಷ್ಯ ಒಂದೇ ಸಾಲಿನ ಮೇಲೆ ಬೆರಳಿಟ್ಟು, ಪಂಚಾಂಗ ನೋಡುವಷ್ಟು ನಿಧಾನವಾಗಿ ಓದಿದರು. ಅಂಥ ತಾಳ್ಮೆಯನ್ನು ನಾನು ಇನ್ನೊಬ್ಬರಲ್ಲಿ ಕಂಡಿಲ್ಲ. "ಸಾಕು ಅಕ್ಕ, ಈಗ ಆರಿಸಿ" ಎಂದರು.

ಬೆಲೆಗಳನ್ನು ಮತ್ತೊಮ್ಮೆ ತೆಗೆದುಕೊಂಡು ಹರಾಜು ಮುಗಿಸಿದೆವು. ಅಧ್ಯಕ್ಷರು ಟವೆಲ್ ಮಾತು ಎತ್ತಿದಾಗ ಮಾದಿಹಳ್ಳಿಯವರು ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡರು.

"ಯಜಮಾನ್ರೇ, ಒಬ್ಬ ಉಗ್ರಾಣಕ್ಕೆ ಹೋಗಿ ಒಳಗಿಂದ ಚಿಲಕ ಹಾಕ್ಕೊಂಡವ್ನೆ ಅನ್ಕಳಿ. ಅಷ್ಟೊತ್ತಿಗೆ ಹೊರಗೆ ಗಂಟೆ ಬಾರಿಸ್ತಾರೆ. ಗಂಟೆ ಆದ್ರೆ ಇದ್ದಂಗೇ ಓಡ್ಬೇಕು, ಅದು ಕಾನೂನು. ಕಿಟಕೀಲಿ ಹಾರಿ ಓಡ್ತಾನೆ. ಗಂಟೆ ಬಾರಿಸಿದೋನು ಉಗ್ರಾಣದಿಂದ ಒಂದು ಚೀಲ ತತ್ತಾ ಅಂತಾನೆ. ಇವನು ಹೋಗಿ ನೋಡಿದ್ರೆ ಬಾಗಿಲಿಗೆ ಚಿಲಕ. ಒಳಗಿರೋನು ತೆಗೀಲಿ ಅಂತ ಬಾಗ್ಲಲ್ಲೇ ಕಾಯ್ತಾನೆ. ಒಳಗಿದ್ದೋನೂ ಅವನೇ."

ಅಧ್ಯಕ್ಷರು ಒಂದು ಗಳಿಗೆ ಯೋಚಿಸಿ, ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ಒಬ್ಬನೇ ಕರ್ನಲ್, ಬರುವ ಪ್ರತಿ ಬೆಲೆಯೂ ಒಂದು ಗಂಟೆ ಎಂದು ಮಾದಿಹಳ್ಳಿಯವರು ಬಿಡಿಸಿ ಹೇಳಿದರು. ಒಂದೊಂದೇ ಬೆಲೆ ಬಂದರೆ ಗಂಟೆ ಅಪರೂಪಕ್ಕೆ ಆಗುತ್ತದೆ, ಚಿಲಕ ಹಾಕಿದ ಆ ಚೂರು ಹೊತ್ತಿಗೆ ಸರಿಯಾಗಿ ಆಗುವುದಿಲ್ಲ. ಎಲ್ಲರೂ ಒಟ್ಟಿಗೆ ಒತ್ತಿದರೆ ಆಗಿಯೇ ಆಗುತ್ತದೆ. ಚಿಲಕ ಹಾಕುವ ಮೊದಲು ಗಂಟೆಯನ್ನು ಕಟ್ಟಿಡಬೇಕು, ರಿಪೇರಿ ಅಷ್ಟೇ ಎಂದರು. ಅಧ್ಯಕ್ಷರು ಇನ್ನೊಂದು ವಾರ ಕೊಟ್ಟರು, ಅಷ್ಟರಲ್ಲಿ ಆ ರಿಪೇರಿಯೂ ಆಯಿತು.

ಮುಂದಿನ ಹರಾಜಿನಲ್ಲಿ ಮೂರಕ್ಕೆ ಅರ್ಧ ನಿಮಿಷವಿರುವಾಗ ಟವೆಲುಗಳಡಿ ಹೆಬ್ಬೆರಳುಗಳು ಒತ್ತಿದವು, ಮೂರು ಗಂಟೆ ಹೊಡೆಯಿತು, ಪರದೆ ಓಡುತ್ತಲೇ ಇತ್ತು.

ಕೆಲ ದಿನಗಳ ಮೇಲೆ ಅವರು ಮತ್ತೆ ಬಂದರು. ಆ ರಿಪೇರಿಯನ್ನು ಕರ್ನಲ್ ಬರೆಯುವ ದೇಶವಿದೇಶದವರಿಗೆ ಕಳಿಸಿದ್ದರಂತೆ, ಅವರು ಒಪ್ಪಿಕೊಂಡಿದ್ದರಂತೆ. ಅದರ ಕೊನೆಯಲ್ಲಿ ತಪ್ಪನ್ನು ತೋರಿಸಿಕೊಟ್ಟವರ ಹೆಸರು ಬರೆಯುವುದು ಅವರ ರೂಢಿ. ಅಲ್ಲಿ ನನ್ನ ಹೆಸರಿತ್ತು.

"ನಾನೇನು ಮಾಡಿದೆ? ಸುಮ್ಮನೆ ಕೂತಿದ್ದೆ" ಎಂದೆ.

"ಇದು ಎಷ್ಟು ಊರಲ್ಲಿ ನಿಂತಿತ್ತೋ ಅಕ್ಕ. ಎಲ್ರೂ ಆರಿಸಿ ಹಾಕ್ಕೊಂಡು ಸುಮ್ಮನಾದ್ರು."

ಅಧ್ಯಕ್ಷರು ಕನ್ನಡಕ ಹಾಕಿಕೊಂಡು ಅವರ ಲ್ಯಾಪ್‌ಟಾಪಿನತ್ತ ಬಗ್ಗಿದರು. ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ, ಕಟ್ಟೆಯ ನಡುವೆ ನಿಂತು, ನನ್ನ ಹೆಸರನ್ನು ಎಲ್ಲರಿಗೂ ಕೇಳುವಂತೆ ಓದಿದರು. ಇಷ್ಟು ವರ್ಷಗಳಲ್ಲಿ ಅವರ ಬಾಯಲ್ಲಿ "ನೋಡಮ್ಮ" ಬಿಟ್ಟು ನನ್ನ ಹೆಸರು ಕೇಳಿದ್ದು ಅದೇ ಮೊದಲು.