ಅಡ್ಡ ಹಾಕಿದ ಸೊಪ್ಪು

ನಿಲ್ಕುಂದದ ಮೇಲಿನ ಆ ಬೆಟ್ಟಕ್ಕೆ ನಾವು ಹೋದದ್ದು ಎರಡು ವರ್ಷದ ಹಿಂದೆ, ಮಳೆಗಾಲ ಮುಗಿದ ಮೇಲೆ. ಮೂವರಿದ್ದೆವು: ನಾನು, ಶಿರಸಿಯಲ್ಲಿ ಲಾರಿ ಆಫೀಸು ನಡೆಸುವ ನನ್ನ ಕಾಲೇಜು ಗೆಳೆಯ, ದಾರಿ ತೋರಿಸಲು ಬಂದ ನಿಲ್ಕುಂದದ ಒಬ್ಬ ರೈತರು. ನನ್ನ ಡೈರಿಯಲ್ಲಿ ಆ ಎರಡು ದಿನಕ್ಕೆ ಆರು ಪುಟಗಳಿವೆ. ಅದರಲ್ಲಿ ಒಂದು ಸಾಲು ಸುಳ್ಳು. ಬರೆಯುವಾಗಲೇ ಅದು ಸುಳ್ಳೆಂದು ಗೊತ್ತಿತ್ತೇ ಎಂದು ಕೇಳಿದರೆ ಈಗ ಖಚಿತವಾಗಿ ಹೇಳಲಾರೆ.

ಮೊದಲ ದಿನ, ಟೆಂಟನ್ನು ನೆತ್ತಿಯ ಮೇಲೇ ಹಾಕೋಣ ಎಂದವನು ನಾನು. ಅಲ್ಲಿಂದ ಕಣಿವೆ ಪೂರ್ತಿ ಕಾಣುತ್ತಿತ್ತು. ರೈತರು ಒಪ್ಪಲಿಲ್ಲ.

"ಗಾಳಿ ಬಂದ್ರೆ ಡೇರೆ ಜೊತೆ ನೀವೂ ಹೋಗ್ತ್ರಿ. ಸಿಡ್ಲು ಬಂದ್ರೆ ಅಲ್ಲಿ ಎತ್ತರಕ್ಕಿರೂದು ನಾವು ಮೂರೇ ಜನ."

ಬೆಟ್ಟದ ಬೆನ್ನಿನಂತೆ ಚಾಚಿದ್ದ ಏಣಿನಿಂದ ಸಾಕಷ್ಟು ಕೆಳಗೆ, ಗಾಳಿ ತಾಗದ ಒಂದು ತಗ್ಗಿನಲ್ಲಿ ಟೆಂಟು ಹಾಕಿದೆವು.

ಮರುದಿನ ಬೆಳಿಗ್ಗೆ ಹೊರಡುವಾಗ ರೈತರು ಕಾಡಿನಿಂದ ಒಂದು ಹೊರೆ ಹಸಿ ಟೊಂಗೆ ಕಡಿದು ಹೆಗಲಿಗೇರಿಸಿಕೊಂಡರು. ಗೆಳೆಯ ಸುಮ್ಮನಿರುವವನಲ್ಲ.

"ಇದೆಂತ ಮಾರಾಯ್ರೆ, ಮೇಲೆ ಆಡು ಕಟ್ಟಿದ್ದೀರಾ?"

"ಆಡಲ್ಲ ಸಾಯ್ಬ್ರೆ. ನಿಮ್ಮಿಬ್ರನ್ನೇ ಮೇಯ್ಸೂಕೆ."

ನಕ್ಕೆವು. ಆಮೇಲೆ ಅವರು ವಿವರಿಸಿದರಂತೆ. ಬೋಳು ಏಣಿನ ಮೇಲೆ ಮುರಿಯಲು ಒಂದು ಗಿಡವೂ ಇಲ್ಲ. ಕಾಡುಕೋಣ ತುಳಿದ ಜಾಡು ಮನುಷ್ಯರ ದಾರಿಗಿಂತ ಚೊಕ್ಕವಾಗಿರುತ್ತದೆ, ಮಂಜು ಕವಿದರೆ ಯಾವುದು ಯಾವುದೆಂದು ತಿಳಿಯುವುದಿಲ್ಲ. ಅದಕ್ಕೆ ತಾನು ಮುಂದೆ ಹೋಗಿ, ಹಿಡಿಯಬಾರದ ದಾರಿಗೆ ಸೊಪ್ಪು ಅಡ್ಡ ಹಾಕುತ್ತೇನೆ. ನಡುವೆ ಬರುವವರು ಹಿಂದಿನವರನ್ನು ಕಣ್ಣಿಂದ ತಪ್ಪಿಸಬಾರದು.

ನಡುವೆ ಬರುತ್ತಿದ್ದವನು ನಾನು.

'ವಿವರಿಸಿದರಂತೆ' ಎಂದು ಬರೆದೆ, ಗೆಳೆಯ ಹೇಳಿದ್ದರಿಂದ. ನಾನು ಫೋನಿಗೆ ಸಿಗ್ನಲ್ ಹುಡುಕುತ್ತಿದ್ದೆ, ಕೇಳಿಸಿಕೊಂಡಿರಲಿಲ್ಲ ಎಂದು ಬಹಳ ದಿನ ನಂಬಿದ್ದೆ. ಆದರೆ ಆಡಿನ ತಮಾಷೆ ಅಕ್ಷರ ಬಿಡದೆ ನೆನಪಿದೆ. ಅದರ ಮರುಕ್ಷಣದ ಮಾತು ಮಾತ್ರ ಕಿವಿಗೆ ಬೀಳಲಿಲ್ಲ ಎಂದು ಬೇರೆ ಯಾರಾದರೂ ಹೇಳಿದ್ದರೆ ನಾನು ಒಪ್ಪುತ್ತಿರಲಿಲ್ಲ.

ಏಣು ಹತ್ತುವಷ್ಟರಲ್ಲಿ ಮಂಜು ಬಂತು. ಎರಡೂ ಕಡೆ ಇಳಿಜಾರು, ನಡುವೆ ಮೂರು ಮಾರು ಅಗಲದ ಬೆನ್ನು. ದಾರಿ ಕವಲೊಡೆಯುವಲ್ಲಿ ಒಂದು ಚಪ್ಪಟೆ ಬಂಡೆ ಇತ್ತು. ಗೆಳೆಯ ಹಿಂದೆ ಉಳಿದಿದ್ದ. ಕಾಯೋಣವೆಂದು ನಿಂತೆ. ಬಂಡೆ ಒದ್ದೆಯಾಗಿತ್ತು. ಸ್ವಲ್ಪ ಹೊತ್ತು ಕೂತೆ, ಮಂಜು ಸರಿದಾಗ ಕಣಿವೆಯ ಒಂದು ಫೋಟೋ ತೆಗೆದೆ, ಚಳಿ ತಡೆಯದೆ ಎದ್ದು ರೈತರು ಹೋದ ಬಲದ ದಾರಿಯಲ್ಲಿ ಮುಂದೆ ನಡೆದೆ. ಐವತ್ತು ಹೆಜ್ಜೆ ಇರಬಹುದು. ನೂರಿರಬಹುದು.

ಗೆಳೆಯ ಬಂದವನು ಎಡದ ಚೊಕ್ಕ ಜಾಡು ಹಿಡಿದ. ಅದು ಸಡಿಲ ಜಲ್ಲಿಯ ಇಳಿಜಾರಿನಲ್ಲಿ ಮುಗಿಯುತ್ತಿತ್ತು. ನಮಗೆ ಕೇಳಿಸಿದ್ದು ಕಲ್ಲು ಉರುಳುವ ಸದ್ದು. ಅವನು ಒಂದು ಪೊದೆಗೆ ಸಿಕ್ಕಿ ನಿಂತಿದ್ದ, ಕೆಳಗೆ ಬರೀ ಬಿಳಿ ಮಂಜು. ರೈತರು ಬಂಡೆಗೆ ಹಗ್ಗ ಬಿಗಿದು ಇಳಿದು ಅವನನ್ನು ಮೇಲೆ ತಂದರು. ಭುಜದ ಮೂಳೆ ಮುರಿದಿತ್ತು.

ಊರಿನ ಚಾದಂಗಡಿಯಲ್ಲಿ ಕಾರಿಗೆ ಕಾಯುತ್ತ ಕೂತಿದ್ದಾಗ ನೋವಿಗೂ ಹೆದರಿಕೆಗೂ ಗೆಳೆಯ ನಾಲ್ಕು ಜನರ ಎದುರು ರೈತರಿಗೆ ಬೈದ. "ಸೊಪ್ಪು ಎಲ್ಲಿ ಹಾಕಿದ್ರಿ? ನಿಮ್ಮನೆ ದನದ ಹಟ್ಟಿಗಾ?"

"ಹಾಕಿದ್ನಲ್ರಾ. ಇವ್ರನ್ನೇ ಕೇಳಿ."

ನಾನು ನೋಡಲಿಲ್ಲ ಎಂದೆ. ಮನೆಗೆ ಬಂದು ಡೈರಿಯಲ್ಲಿ ಬರೆದೆ: ಕವಲಿನಲ್ಲಿ ಗುರುತಿರಲಿಲ್ಲ. ಆಮೇಲೆ ಬೆಟ್ಟ ಹತ್ತುವವರು ಬಂದರೆ ಊರಿನವರು ಆ ರೈತರ ಬದಲು ಬೇರೆಯವರನ್ನು ಕಳಿಸತೊಡಗಿದರು.

ಈ ವರ್ಷ ಫೋನು ಭರ್ತಿಯಾಗಿ ಹಳೆಯ ಫೋಟೋ ಅಳಿಸುತ್ತಿದ್ದೆ. ಕಣಿವೆಯ ಆ ಫೋಟೋದ ಕೆಳಮೂಲೆಯಲ್ಲಿ ನನ್ನ ಮೊಣಕಾಲು, ಅದರ ಅಡಿಯಲ್ಲಿ ಬಂಡೆಗೆ ಹಾಸಿದ ಹಸಿ ಸೊಪ್ಪು.

ಎತ್ತಿ ಹಾಸಿಕೊಂಡದ್ದು ನೆನಪಿಲ್ಲ. ನಿಜವಾಗಿ ಇಲ್ಲ. ಫೋಟೋ ನೋಡಿದ ಮೇಲೆ ಪ್ಯಾಂಟಿಗೆ ತಾಗಿದ ಎಲೆಗಳ ತಣ್ಣಗಿನ ಸ್ಪರ್ಶ ನೆನಪಾಗುತ್ತದೆ. ಅದು ನೆನಪೋ, ಫೋಟೋ ನೋಡಿ ನಾನು ಕಟ್ಟಿಕೊಂಡದ್ದೋ, ತಿಳಿಯದು.

ಲಾರಿ ಆಫೀಸಿಗೆ ಹೋಗಿ ಗೆಳೆಯನಿಗೆ ತೋರಿಸಿದೆ. ಅವನು ಭುಜ ಮುರಿದ ಆ ಕೈಯನ್ನು ಈಗಲೂ ತಲೆಯ ಮೇಲಕ್ಕೆ ಎತ್ತಲಾರ.

"ನಂಗೆ ಹೇಳಿ ಏನು ಬಂತು? ನಾನು ಅವ್ರಿಗೆ ಬೈದದ್ದು ನಾಕು ಜನರ ಮುಂದೆ. ನೀನೂ ಅಲ್ಲೇ ಹೇಳ್ಬೇಕು. ನಡಿ, ನಾನೂ ಬರ್ತೆ."

ಚಾದಂಗಡಿಯ ಬೆಂಚಿನಲ್ಲಿ ರೈತರ ಜೊತೆ ಊರಿನ ಮೂವರು ಕೂತಿದ್ದರು. ನಿಂತುಕೊಂಡೇ ಹೇಳಿದೆ. ಸೊಪ್ಪು ಇತ್ತು, ತೆಗೆದವನು ನಾನು, ಅಂದು ಹೇಳಿದ್ದು ತಪ್ಪು. ರೈತರು ಫೋನು ಇಸಿದುಕೊಂಡು, ಬೆರಳಲ್ಲಿ ಎಲೆಯನ್ನು ದೊಡ್ಡದು ಮಾಡಿ ನೋಡಿದರು.

"ಮತ್ತಿ ಸೊಪ್ಪು. ಹೌದು, ನಾನೇ ಕಡ್ದದ್ದು."

ನನ್ನ ಮುಖ ನೋಡದೆ, "ಎರಡು ವರ್ಷ ಎಲ್ರೂ ಹೇಳಿ ಹೇಳಿ, ನಾ ಹಾಕ್ಲೇ ಇಲ್ಲ ಕಾಣ್ತದೆ ಅಂತ ನಂಗೇ ಅನ್ಸೂಕೆ ಹಿಡ್ದಿತ್ತು" ಎಂದರು.

ನನ್ನ ನೆನಪನ್ನು ಮಾತ್ರ ಕೆಡಿಸಿಕೊಂಡಿದ್ದೇನೆ ಎಂದುಕೊಂಡಿದ್ದೆ. ಕ್ಷಮೆ ಕೇಳಿದೆ. ಅವರು ಫೋನನ್ನು ನನಗೆ ಹಿಂತಿರುಗಿಸದೆ, ನೋಡಲೆಂದು ಪಕ್ಕದಲ್ಲಿ ಕೂತವರ ಕೈಗೆ ಕೊಟ್ಟರು.