ನಮ್ಮ ಕಣದ ಮೇಲೆ ಕೂತ ಬಾತುಗಳು

ಇಲ್ಲಿಗೆ ಬಂದ ಮೊದಲ ವಾರ ನಾನು ಬೇರೆಯವರ ಮನೆಗೆ ಹೋಗಿ ಒಲೆ ಹಚ್ಚಿದ್ದೆ. ಎಲ್ಲ ಮನೆಗಳೂ ಒಂದೇ ನಮೂನೆ, ಬಾಗಿಲಿಗೊಂದು ನಂಬರು. ಆ ಮನೆಯವಳು ಒಳಗೆ ಬಂದು, "ಯಾರ ಬೇ ನೀ, ನಮ್ಮ ಒಲಿ ಮುಂದ?" ಅಂದಳು. ಹಚ್ಚಿದ ಒಲೆ ಹಾಗೇ ಬಿಟ್ಟು ಹೊರಗೆ ಬಂದು ಬಾಗಿಲ ನಂಬರು ನೋಡಿದೆ.

ನಮ್ಮೂರು ಹುಣಸಿಹಾಳ ಕೃಷ್ಣೆಯ ಹಿನ್ನೀರಿನಲ್ಲಿ ಮುಳುಗಿ ಇಪ್ಪತ್ತು ವರ್ಷದ ಮೇಲಾಯಿತು. ನಮ್ಮನ್ನು ಬೀಳಗಿ ಕಡೆಯ ಈ ಗುಡ್ಡದ ಮೇಲೆ ತಂದು ಕೂಡಿಸಿದರು. ಜನ ಇದಕ್ಕೆ ಆರ್.ಸಿ. ಅನ್ನುತ್ತಾರೆ, ಮುಳುಗಡೆಯವರಿಗೆಂದು ಸರಕಾರ ಗೆರೆ ಹೊಡೆದು ಮಾಡಿದ ಊರು. ಅಲ್ಲಿ ಹೊಳೆಯ ನೀರಿಗೆ ಬೇಳೆ ಬೇಗ ಬೇಯುತ್ತಿತ್ತು. ಇಲ್ಲಿ ಬೋರಿನ ಸವುಳು ನೀರಿಗೆ ಕುದ್ದು ಕುದ್ದೂ ಕಲ್ಲಿನಂತೆ ಉಳಿಯುತ್ತದೆ. ಅಲ್ಲಿ ಯಾರಿಗಾದರೂ ಬೈದರೆ ಅವರಜ್ಜನ ತನಕ ಗೊತ್ತಿದ್ದು ಬೈಯುತ್ತಿದ್ದೆವು. ಇಲ್ಲಿ ನಾಲ್ಕೂರಿನವರನ್ನು ಕಲಸಿಬಿಟ್ಟಿದ್ದಾರೆ. ನಳದ ಪಾಳಿಯಲ್ಲಿ ನನ್ನ ಕೊಡವನ್ನು ಯಾರೂ ಹಿಂದೆ ಸರಿಸದ ದಿನ ಬರಲು ಎರಡು ವರ್ಷ ಹಿಡಿಯಿತು.

ಈ ಚಳಿಗಾಲ ಜಮಖಂಡಿಯಿಂದ ಸಾಲಿ ಕಲಿಸುವ ಅಕ್ಕೋರೊಬ್ಬರು ದುರ್ಬೀನು ಹಿಡಿದು ಬಂದರು. ಹಿನ್ನೀರಿಗೆ ಬರುವ ವಲಸೆ ಹಕ್ಕಿಗಳನ್ನು ಎಣಿಸಬೇಕಂತೆ, ದಂಡೆ ಗೊತ್ತಿದ್ದವರು ಬೇಕಂತೆ. ನಾನು ಒಂದೇ ಕರಾರು ಹಾಕಿದೆ.

"ಹಕ್ಕಿ ತೋರಸ್ತೀನ್ರಿ. ಆದರ ಬರೀವಾಗ ನಮ್ಮೂರ ಹೆಸರು ಬರೀಬೇಕು. ಹುಣಸಿಹಾಳ."

"ಆತು ಬಿಡ್ರಿ, ಆಯಿ."

ರೇಷನ್ ಕಾರ್ಡಿನಲ್ಲಿ ಆ ಹೆಸರಿಲ್ಲ, ಬಸ್ಸಿನ ಬೋರ್ಡಿನಲ್ಲೂ ಇಲ್ಲ. ಒಂದು ಕಡೆಯಾದರೂ ಇರಲಿ ಎಂದು ಹೊರಟೆ.

ನೀರು ಇಳಿದು ನಮ್ಮೂರ ಕಣ ಮೇಲೆದ್ದಿತ್ತು. ಎತ್ತರದ ಜಾಗ, ಮೊದಲು ಕಾಣುವುದು ಅದೇ. ನಾವು ಜೋಳದ ರಾಶಿ ಮಾಡುತ್ತಿದ್ದಲ್ಲಿ ಬೂದು ಬಣ್ಣದ ಬಾತುಗಳು ಕೂತಿದ್ದವು, ತಲೆಗೆ ಎರಡು ಕರಿ ಪಟ್ಟೆ. ಪಟ್ಟೆತಲೆ ಹೆಬ್ಬಾತು ಅಂತ ಅವುಗಳ ಹೆಸರು, ಹಿಮಾಲಯದ ಆಚೆಯಿಂದ ಬರುತ್ತವೆ ಅಂದರು ಅಕ್ಕೋರು. "ಪಾಪ, ಎಷ್ಟ ದೂರದಿಂದ ಬಂದಾವ ನೋಡ್ರಿ!"

ನಮ್ಮನ್ನು ಕಂಡು ಯಾರೂ ಪಾಪ ಅಂದಿರಲಿಲ್ಲ.

ಹತ್ತು ಹಕ್ಕಿಗೆ ಒಂದು ಗುಂಪು. ಗುಂಪು ಎಣಿಸುವವಳು ನಾನು, ಗೆರೆ ಹಾಕುವವರು ಅವರು. ಕಣ ಕಂಡೊಡನೆ ನನ್ನ ಬಾಯಿ ತಾನೇ ಹಳೆಯ ಲೆಕ್ಕ ಹಿಡಿಯಿತು: "ಲಾಭ, ಎರಡು, ಮೂರು..." ರಾಶಿ ಅಳೆಯುವಾಗ ನಾವು ಒಂದು ಎನ್ನುವುದಿಲ್ಲ, ಮೊದಲ ಅಳತೆಗೆ ಲಾಭ ಅನ್ನುತ್ತೇವೆ. ಪೇಟೆಯಲ್ಲಿ ಬೆಳೆದ ಅಕ್ಕೋರು, ಮುದುಕಿ ದೇವರ ಹೆಸರು ಹೇಳಿದಂತೆ ಏನೋ ಹೇಳಿದಳು ಅಂದುಕೊಂಡು ಎರಡರಿಂದ ಗೆರೆ ಹಾಕಿದರು. ಕೊನೆಗೆ ನನ್ನದು ಹನ್ನೊಂದು, ಅವರ ಗೆರೆ ಹತ್ತು. ಬಿಡಿಸಿ ಹೇಳಿದೆ.

"ಅಯ್ಯಯ್ಯ ಆಯಿ, ಹತ್ತ ಹಕ್ಕಿ ಬಿಟ್ಟಬಿಟ್ಟಿದ್ದೆ!" ಎಂದು ಗಾಬರಿಯಾಗಿ ಮತ್ತೆರಡು ಸಲ ಎಣಿಸಿದರು.

ಆಮೇಲೆ ಲೆಕ್ಕ ಕಳಿಸಲು ಮೊಬೈಲು ತೆಗೆದರು. ಬಹಳ ಹೊತ್ತು ಒತ್ತಿದರು.

"ಆಯಿ, ಇದರಾಗ ನಿಮ್ಮೂರ ಹೆಸರ ಬರವಲ್ದು. ನಕಾಶೆದಾಗ ಬರೇ ನೀರ ತೋರಸಾಕತ್ತೇತಿ. ಹಿನ್ನೀರು, ಮೂರನೇ ಜಾಗಾ ಅಂತ ಹಾಕ್ತೀನಿ."

"ಹತ್ತ ಹಕ್ಕಿ ತಪ್ಪಿದ್ದಕ್ಕ ಮತ್ತ ಎರಡ ಸಲ ಎಣಿಸಿದ್ರಿ. ಇಡೀ ಊರ ತಪ್ಪೇತಿ. ಅದಕ್ಕ?"

ಅಕ್ಕೋರು ಕೆಟ್ಟವರಲ್ಲ. ಮುಖ ಸಣ್ಣದಾಯಿತು. ತಮ್ಮ ನೋಟ್‌ಬುಕ್ಕು ನನ್ನ ಕೈಗಿಟ್ಟು, "ನೀವ ಬರೀರಿ" ಅಂದರು. ನೋಡದೆ ಬರೆಯಲು ನನಗೆ ಬರುವುದು ಎರಡೇ, ನನ್ನ ಹೆಸರು ಮತ್ತು ಊರ ಹೆಸರು. ಊರಿನದು ಬರೆದೆ. ಆದರೆ ಮೇಲಿನವರಿಗೆ ಹೋಗುವುದು ಮೊಬೈಲಿನ ಲೆಕ್ಕ, ನೋಟ್‌ಬುಕ್ಕು ಅವರ ಮನೆಗೆ. ಅದು ಅವರಿಗೂ ಗೊತ್ತಿತ್ತು, ನನಗೂ.

ಅವರು ದುರ್ಬೀನು ಕಟ್ಟುವಾಗ ನಾನು ಕೆಸರಲ್ಲಿ ಇಳಿದು ಕಣದ ಮೇಲೆ ಹೋಗಿ ನಿಂತೆ. ಬಾತುಗಳೆಲ್ಲ ಒಮ್ಮೆಲೇ ಎದ್ದವು.

"ಆಯಿ, ಈ ಕಡೆ ಬರ್ರಿ!" ದಂಡೆಯಿಂದ ಅಕ್ಕೋರು ಕೂಗಿದರು. "ಹಕ್ಕಿ ಹೆದರತಾವ!"

ಬಂದೆ. ಗುಡ್ಡದ ಮೇಲೆ ಅಡುಗೆಗೂ ಹೊತ್ತಾಗಿತ್ತು. ದಂಡೆ ಹತ್ತಿ ತಿರುಗಿ ನೋಡುವುದರೊಳಗೆ, ನಾನು ನಿಂತಿದ್ದ ಜಾಗದಲ್ಲೇ ಅವು ಇಳಿದು ಕೂತಿದ್ದವು.