ಹಲಗೆ ಸಂದಿಯಲ್ಲಿ ಇಳಿದ ಹಾಲು

ಹಾಲು ಪೂರ್ವಕ್ಕೇ ಉಕ್ಕಿತೆಂದು ಅತ್ತೆ ಕೈಮುಗಿಯುತ್ತಿದ್ದರು. ನಾನು ನೆಲ ನೋಡುತ್ತಿದ್ದೆ. ಸ್ಟೌವಿನಿಂದ ಇಳಿದ ಹಾಲು, ಹೊಸದಾಗಿ ಪಾಲಿಶ್ ಮಾಡಿಸಿದ್ದ ಹಳೇ ಹಲಗೆಗಳ ಸಂದಿಯಲ್ಲಿ ಸದ್ದಿಲ್ಲದೆ ಮಾಯವಾಗುತ್ತಿತ್ತು. ಕೆಳಗೆ ಗೊಂಬೆ ಮಾಡುವ ನೂರ್‌ಜಹಾನಮ್ಮನ ಮನೆ.

ಚನ್ನಪಟ್ಟಣದ ಪೇಟೆಯಲ್ಲಿರುವ ಆ ನೂರು ವರ್ಷದ ಕಟ್ಟಡ ಅಲ್ಲಿನ ನಿವಾಸಿಗಳ ಸಂಘದ್ದು. ಎಲ್ಲ ಮನೆಯವರೂ ಒಪ್ಪಿ ಸಹಿ ಹಾಕಿದರೆ ಮಾತ್ರ ಹೊಸಬರು ಉಳಿಯಬಹುದು. ನೂರ್‌ಜಹಾನಮ್ಮನದೊಂದೇ ಸಹಿ ಬಾಕಿಯಿತ್ತು. ಮುಹೂರ್ತ ಮೀರುತ್ತದೆಂದು ಅದಕ್ಕೂ ಮೊದಲೇ ಗೃಹಪ್ರವೇಶಕ್ಕೆ ನಾವೇ ಆತುರಪಟ್ಟಿದ್ದೆವು.

ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು ಕೇಳಿತು. ಬಾಗಿಲಲ್ಲಿ ಅವರೇ ನಿಂತಿದ್ದರು. ಉಗುರಂಚಿನಲ್ಲಿ ಗೊಂಬೆಗೆ ಮೆರುಗು ಕೊಡುವ ಕೆಂಪು ಅರಗು. ಕೈಯಲ್ಲಿ ಇನ್ನೂ ಬಣ್ಣ ಹಚ್ಚದ ಮರದ ಕುದುರೆ. ಅದರ ಬೆನ್ನಿನಿಂದ ಹಾಲು ತೊಟ್ಟಿಕ್ಕುತ್ತಿತ್ತು.

"ತಪ್ಪಾಯ್ತಮ್ಮಾ," ಎಂದೆ.

ಅವರು ಪಾತ್ರೆಯನ್ನು ನೋಡಿದರು, ಅತ್ತೆಯನ್ನು ನೋಡಿದರು, ಆಮೇಲೆ ನನ್ನನ್ನು. "ಹಾಲುಕ್ಕಿಸಿದ್ಮೇಲೆ ಅಕ್ಕಪಕ್ಕದೋರ್ಗೆ ಲೋಟದಲ್ಲಿ ಕೊಡ್ತಾರೆ ಕಣಮ್ಮಾ. ನೀವು ಸೂರಿಂದ್ಲೇ ಹುಯ್ದ್‌ಬುಟ್ರಲ್ಲ! ಒಸಿ ಸಕ್ಕರೆನಾದ್ರೂ ಹಾಕ್ಬಾರ್ದಿತ್ತಾ?"

ಅತ್ತೆ ಓಡಿಹೋಗಿ ಲೋಟ ತಂದರು. ನೂರ್‌ಜಹಾನಮ್ಮ ನಿಂತೇ ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡು, ಸಹಿ ಹಾಕುವ ಕಾಗದ ಎಲ್ಲಿ ಎಂದು ಕೇಳಿದರು.

ಹಾಲು ಹೀರಿದ ಮರಕ್ಕೆ ಅರಗು ಕೂರುವುದಿಲ್ಲವಂತೆ. ಆ ಕುದುರೆಯನ್ನು ಅವರು ನಮ್ಮ ಕಿಟಕಿಯಲ್ಲೇ ಇಟ್ಟುಹೋದರು. ಹಲಗೆಯ ಸಂದಿಗಳನ್ನು ಮರುವಾರವೇ ಮುಚ್ಚಿಸಿದೆವು. ಆದರೂ ಒಲೆಯ ಮೇಲೆ ಹಾಲಿಟ್ಟರೆ ಇಂದಿಗೂ ನಾನು ಅಲ್ಲಿಂದ ಕದಲುವುದಿಲ್ಲ.